ಕಾರ್ಯಾಚರಣ ವ್ಯವಸ್ಥೆಗಳ ಪಲ್ಲಟ ಮತ್ತು ಕನ್ನಡ ಪಾಠ: ರಾಯಚೂರು ಸೀಮೆಯ ದಾಖಲೆಗಳ ಹಿನ್ನೆಲೆಯಲ್ಲಿ ಒಂದು ವಿಚಾರ

1

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಒಂದು ಸಂಗತಿ ಚೆನ್ನಾಗಿ ಪರಿಚಿತವಾದುದು. ಪಾಠವು ಕೆಡುವುದು ಬಹುಮಟ್ಟಿಗೆ ಅದು ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ದಾಟುವ ಕಾಲದಲ್ಲಿ. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಬರುವಾಗ ಲಿಪಿಕಾರನ ಕಣ್ತಪ್ಪು, ಅಕ್ಷರಪಲ್ಲಟ, ಗ್ರಂಥಪಾತ ಮೊದಲಾದ ದೋಷಗಳು ನುಸುಳುತ್ತವೆ. ಅವುಗಳ ಕುಲವನ್ನರಿತು ಮೂಲಪಾಠವನ್ನು ನಿರ್ಣಯಿಸುವುದು ಸಂಪಾದಕನ ಕೆಲಸ.

ಕಳೆದ ನಾಲ್ಕು ದಶಕಗಳಲ್ಲಿ ಕನ್ನಡ ಪಾಠಕ್ಕೆ ಇನ್ನೊಂದು ಬಗೆಯ ದಾಟು ಒದಗಿದೆ. ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಇದು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಬದಲಾದಾಗಲೆಲ್ಲ ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಜಾಲತಂತ್ರಾಂಶವು ಅಕ್ಷರಗಳನ್ನು ತಪ್ಪಾಗಿ ತೋರಿಸುವುದು, ಹುಡುಕಿದ ಹೆಸರನ್ನು ಕಾಣಿಸದಿರುವುದು, ಗುಂಡಿಯನ್ನೊತ್ತಿದರೆ ಓಗೊಡದಿರುವುದು ಸರ್ವಸಾಮಾನ್ಯ ಅನುಭವವಾಗಿದೆ. ಇದನ್ನು ಕೇವಲ ಯಂತ್ರಜ್ಞರ ತೊಡಕೆಂದು ಬದಿಗೊತ್ತುವುದು ವಾಡಿಕೆ. ಆದರೆ ಇದಕ್ಕೂ ಒಂದು ಚರಿತ್ರೆಯುಂಟು, ಮತ್ತು ಆ ಚರಿತ್ರೆಯು ಪಾಠಚರಿತ್ರೆಯ ಭಾಗವೇ ಆಗಿದೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ರಾಯಚೂರು ಸೀಮೆಯನ್ನು ತೆಗೆದುಕೊಂಡಿದ್ದೇವೆ. ದಾಖಲೆಯ ವ್ಯವಸ್ಥೆಯು ಒಂದೇ ಶತಮಾನದೊಳಗೆ ಹಲವು ಬಾರಿ ಬದಲಾದುದನ್ನು ಕಂಡ ಪ್ರದೇಶವಿದು.

2

ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿನ ಆಡಳಿತಭಾಷೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೆ ಪಾರಸಿಯೂ ಅನಂತರ ಉರ್ದುವೂ ಆಗಿದ್ದಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ಸೇರಿ, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಜನರ ನುಡಿ ಕನ್ನಡ, ದಫ್ತರದ ಲಿಪಿ ಉರ್ದು ಎಂಬ ಸ್ಥಿತಿ ಅದರೊಂದಿಗೆ ಕೊನೆಗೊಂಡಿತು.

ಈ ದಾಟಿನ ತೊಡಕನ್ನು ಒಂದು ಊರಿನ ಹೆಸರಿನಿಂದಲೇ ತಿಳಿಯಬಹುದು. ರಾಯಚೂರು ತಾಲ್ಲೂಕಿನ ಗುಂಜಹಳ್ಳಿ ಎಂಬ ನಾಲ್ಕಕ್ಷರದ ಹೆಸರನ್ನು ಉರ್ದು ಲಿಪಿಯಲ್ಲಿ ಬರೆದರೆ ಮೊದಲಕ್ಷರದ ಹ್ರಸ್ವ ಉಕಾರವು ಸಾಮಾನ್ಯವಾಗಿ ಬರಹದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಓದುವವನು ಅದನ್ನು ತಾನೇ ತುಂಬಿಕೊಳ್ಳಬೇಕು. 'ಗಂಜ್' ಎಂಬುದು ಪೇಟೆಯ ಹೆಸರಾಗಿ ರೂಢಿಯಲ್ಲಿರುವ ಸೀಮೆಯಲ್ಲಿ 'ಗಂಜ' ಎಂದು ಓದಿಕೊಳ್ಳುವುದು ಸುಲಭವಾದ ಮಾತು. ಕನ್ನಡದ ಳಕಾರಕ್ಕೆ ಆ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲವಾದುದರಿಂದ 'ಹಳ್ಳಿ'ಯು 'ಹಲ್ಲಿ'ಯಾಗುತ್ತದೆ. ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವೂ ಉಳಿಯುವುದಿಲ್ಲ. ಉರ್ದುವಿನಲ್ಲಿ ಬರೆದವನ ದೋಷವೂ ಇದಲ್ಲ, ಕನ್ನಡಕ್ಕೆ ತಂದವನ ದೋಷವೂ ಅಲ್ಲ. ಒಂದು ವ್ಯವಸ್ಥೆಯಲ್ಲಿ ಓದುವವನ ತಿಳಿವಳಿಕೆಗೆ ಬಿಟ್ಟುಕೊಟ್ಟದ್ದನ್ನು ಇನ್ನೊಂದು ವ್ಯವಸ್ಥೆಯು ಬರಹದಲ್ಲಿ ಕೇಳುತ್ತದೆ. ಗಣಕದ ಪಲ್ಲಟಗಳಲ್ಲಿಯೂ ಇದೇ ಸೂತ್ರವು ಕೆಲಸಮಾಡುತ್ತದೆಂಬುದನ್ನು ಮುಂದೆ ಕಾಣಬಹುದು.

3

ಭಾರತೀಯ ಲಿಪಿಗಳನ್ನು ಗಣಕಕ್ಕೆ ಹೊಂದಿಸುವ ಕಾರ್ಯವು 1980ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಇದರ ಫಲವಾಗಿ 1991ರಲ್ಲಿ ಇಸ್ಕೀ ಎಂಬ ಸಂಕೇತಮಾನವು ಭಾರತೀಯ ಮಾನಕವಾಯಿತು. ಆದರೆ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಬಳಕೆಗೆ ಬಂದದ್ದು ಹೆಚ್ಚಾಗಿ ಬೇರೊಂದು ಉಪಾಯ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ ಅಕ್ಷರಶೈಲಿಗಳು ಆಗ ರೂಪುಗೊಂಡವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಶೇಷಾದ್ರಿವಾಸು ಅವರ 'ಬರಹ' (1998), ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಕನ್ನಡಿಗರು ಗಣಕದಲ್ಲಿ ನಿರಾಯಾಸವಾಗಿ ಬರೆಯುವಂತೆ ಮಾಡಿದವು. ಈ ಉಪಕಾರವು ಸಣ್ಣದಲ್ಲ.

ಆದರೂ ಈ ಉಪಾಯದ ಒಳಗುಟ್ಟನ್ನು ತಿಳಿಯಬೇಕು. ನುಡಿಯ ಅಕ್ಷರಶೈಲಿಯಲ್ಲಿ 'ಕನ್ನಡ' ಎಂದು ಬರೆದರೆ ಯಂತ್ರದ ಸ್ಮೃತಿಯಲ್ಲಿ ಉಳಿಯುವುದು ಏಳು ಸಂಕೇತಗಳು: ರೋಮನ್ 'ಪಿ', ನೆತ್ತಿಯಲ್ಲಿ ಗೆರೆ ಹೊತ್ತ 'ಎ', ಬ್ರಿಟಿಷರ ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ 'ಎ', ಜರ್ಮನರ ಜೋಡಿ ಸಕಾರ, ರೋಮನ್ 'ಕ್ಯು', ಕೊನೆಗೆ ಮತ್ತೊಮ್ಮೆ 'ಎ'. ಇಲ್ಲಿ 'ಪಿ' ಎಂಬುದು ಕಕಾರದ ಒಡಲು. ಗೆರೆ ಹೊತ್ತ 'ಎ' ಎಂಬುದು ತಲೆಕಟ್ಟು. ಯಂತ್ರವು ಬಲ್ಲದ್ದು ರೋಮನ್ ಚಿಹ್ನೆಗಳನ್ನು ಮಾತ್ರ. ಅವು ಕನ್ನಡವಾಗಿ ತೋರುವುದು ಆ ನಿರ್ದಿಷ್ಟ ಅಕ್ಷರಶೈಲಿಯು ಜೊತೆಯಲ್ಲಿರುವವರೆಗೆ.

ಇದೇ ಕಾಲದಲ್ಲಿ, 2000ದ ಆಸುಪಾಸಿನಲ್ಲಿ, ಕರ್ನಾಟಕದ ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ 'ಭೂಮಿ' ಯೋಜನೆ ಜಾರಿಗೆ ಬಂದಿತು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳು ಇದರಲ್ಲಿ ಸೇರಿದವು. ಪಹಣಿಯ ಪ್ರತಿಗೆ 15 ರೂಪಾಯಿ ಶುಲ್ಕವಿದ್ದಿತು. ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಲಾಯಿತು. ಆರಂಭದಲ್ಲಿ ಆಯಾ ತಾಲ್ಲೂಕು ಕೇಂದ್ರದ ಯಂತ್ರದಲ್ಲಿದ್ದ ದಾಖಲೆಗಳು ಮುಂದೆ ಕೇಂದ್ರೀಕೃತವಾಗಿ ಅಂತರಜಾಲದ ಮೂಲಕ ದೊರೆಯತೊಡಗಿದವು. ಗುಂಜಹಳ್ಳಿಯಂತಹ ಊರಿನ ರೈತನ ಹೆಸರು ಹೀಗೆ ಉರ್ದು ದಫ್ತರದಿಂದ ಕನ್ನಡ ಕಡತಕ್ಕೆ, ಕಡತದಿಂದ ಗಣಕಕ್ಕೆ, ಗಣಕದಿಂದ ಜಾಲಕ್ಕೆ ದಾಟಿತು. ಕೈಬರಹದ ಪ್ರತಿಯು ಪಕ್ಕದಲ್ಲಿದ್ದ ಕಾಲದಲ್ಲಿ ತಾಳೆನೋಡಲು ಅವಕಾಶವಿದ್ದಿತು. ಅದರ ಮಾನ್ಯತೆ ಹೋದ ಮೇಲೆ ಗಣಕದ ಪಾಠವೇ ಪ್ರಮಾಣಪಾಠವಾಯಿತು. ಆದುದರಿಂದ ಆ ಪಾಠದ ಶುದ್ಧಿಯ ಪ್ರಶ್ನೆ ಹಿಂದೆಂದಿಗಿಂತಲೂ ಗಂಭೀರವಾಗಿದೆ.

4

ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನವನ್ನು ಕೊಡುವ ಯೂನಿಕೋಡ್ ಸಂಕೇತಮಾನದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಎಡೆಯಿದ್ದಿತು. ಆದರೆ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವ್ಯವಸ್ಥೆಯು ಕನ್ನಡವನ್ನು ತಾನಾಗಿ ಬಲ್ಲುದಾದದ್ದು 2001ರ ಎಕ್ಸ್.ಪಿ. ಆವೃತ್ತಿಯಲ್ಲಿ. ಅದರ ಹಿಂದಿನ 2000ದ ಆವೃತ್ತಿಯಲ್ಲಿ ದೇವನಾಗರಿಗೂ ತಮಿಳಿಗೂ ದೊರೆತಿದ್ದ ಆಶ್ರಯ ಕನ್ನಡಕ್ಕೆ ದೊರೆತಿರಲಿಲ್ಲ. ಎಕ್ಸ್.ಪಿ.ಯಲ್ಲಿಯೂ ಸಂಕೀರ್ಣ ಲಿಪಿಗಳ ಕಡತಗಳನ್ನು ಬಳಕೆದಾರನೇ ಕೇಳಿ ಸ್ಥಾಪಿಸಿಕೊಳ್ಳಬೇಕಾಗಿದ್ದಿತು. 2009ರಲ್ಲಿ ಭಾರತ ಸರ್ಕಾರವು ವಿದ್ಯುನ್ಮಾನ ಆಡಳಿತಕ್ಕೆ ಯೂನಿಕೋಡನ್ನೇ ಮಾನಕವೆಂದು ಗೊತ್ತುಪಡಿಸಿತು. ಹಳೆಯ ಪದ್ಧತಿಯ ಪಾಠಗಳೂ ಹೊಸ ಪದ್ಧತಿಯ ಯಂತ್ರಗಳೂ ಎದುರುಬದುರಾದ ಈ ಕಾಲದಲ್ಲಿ ಕಾಣಿಸಿಕೊಂಡ ದೋಷಗಳನ್ನು ನಾಲ್ಕು ವರ್ಗಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು ಸಂಕೇತದೋಷ. ಕನ್ನಡದ ಜಾಗದಲ್ಲಿ ರೋಮನ್ ಚಿಹ್ನೆಗಳ ಗೊಂದಲ ಕಾಣುತ್ತದೆ. ಹಳೆಯ ಅಕ್ಷರಶೈಲಿಯು ಹೊಸ ಯಂತ್ರದಲ್ಲಿಲ್ಲವೆಂಬುದೇ ಇದರ ಅರ್ಥ. ಕನ್ನಡ ಪತ್ರಿಕೆಗಳ ಮೊದಲ ಜಾಲತಾಣಗಳಲ್ಲಿ ಅಕ್ಷರಶೈಲಿಯನ್ನು ಪುಟದೊಡನೆಯೇ ಕಳುಹಿಸುವ ಏರ್ಪಾಡಿದ್ದಿತಾದರೂ ಅದು ಕೆಲವೇ ಜಾಲದರ್ಶಕಗಳಿಗೆ ಒಗ್ಗುತ್ತಿತ್ತು. ಲಿನಕ್ಸ್ ವ್ಯವಸ್ಥೆಗೆ ಹೋದ ಓದುಗನಿಗೆ ಅದೇ ಪುಟವು ಅರ್ಥಹೀನವಾಗುತ್ತಿತ್ತು. ಇದರ ಸೂಕ್ಷ್ಮವಾದ ರೂಪವೊಂದುಂಟು. ಸಂಕೇತಪಟ್ಟಿಯ 173ನೆಯ ಸ್ಥಾನವು ಸಾಲಿನ ಕೊನೆಯಲ್ಲಿ ಮಾತ್ರ ತೋರುವ ಅಡ್ಡಗೆರೆಗೆ ಮೀಸಲು. ಅಕ್ಷರಶೈಲಿಯೊಂದು ಆ ಸ್ಥಾನದಲ್ಲಿ ಕನ್ನಡದ ತುಂಡೊಂದನ್ನು ಕೂರಿಸಿದ್ದರೆ, ಬರಹದ ತಂತ್ರಾಂಶದಲ್ಲಿ ಕಾಣುವ ಆ ತುಂಡು ಜಾಲದರ್ಶಕದಲ್ಲಿ ಸದ್ದಿಲ್ಲದೆ ಮಾಯವಾಗುತ್ತದೆ. ಓಲೆಯಲ್ಲಿ ಹುಳು ತಿಂದ ಅಕ್ಷರಕ್ಕೆ ತೂತಾದರೂ ಸಾಕ್ಷಿಯಾಗಿರುತ್ತದೆ. ಇಲ್ಲಿ ಆ ಸಾಕ್ಷಿಯೂ ಇಲ್ಲ.

ಎರಡನೆಯದು ರೂಪದೋಷ. ಸಂಕೇತಗಳು ಶುದ್ಧವಾಗಿದ್ದರೂ ಒತ್ತಕ್ಷರಗಳು ಬಿಡಿಬಿಡಿಯಾಗಿ ತೋರುವುದು, ಇಲ್ಲವೆ ಅಕ್ಷರದ ಬದಲು ಖಾಲಿ ಚೌಕಗಳು ಬರುವುದು ಇದರ ಲಕ್ಷಣ. ಆಂಡ್ರಾಯ್ಡ್ ದೂರವಾಣಿಗಳ ಮೊದಲ ಆವೃತ್ತಿಗಳಲ್ಲಿ ಕನ್ನಡಕ್ಕೆ ಒದಗಿದ್ದು ಈ ಚೌಕಗಳೇ. ರೂಪದೋಷದ ಇನ್ನೊಂದು ಬಗೆ ಅಳತೆಗೆ ಸಂಬಂಧಪಟ್ಟದ್ದು. ಎಕ್ಸ್.ಪಿ.ಯಲ್ಲಿ ಬಂದ 'ತುಂಗಾ' ಅಕ್ಷರಶೈಲಿಯು ವಿಂಡೋಸ್ 10ರಲ್ಲಿ ಬೇಕೆಂದವರು ಕೇಳಿ ಪಡೆಯುವ ಐಚ್ಛಿಕ ಭಾಗವಾಯಿತು. ಅದರ ಜಾಗದಲ್ಲಿ 'ನಿರ್ಮಲಾ' ನಿಂತಿತು. ಎರಡರ ಅಗಲ ಎತ್ತರಗಳು ಬೇರೆಯಾದುದರಿಂದ, ತುಂಗಾವನ್ನು ನಂಬಿ ಅಳೆದಿಟ್ಟ ನಮೂನೆಗಳಲ್ಲಿ ಹೆಸರು ಕೋಷ್ಟಕದಿಂದ ಹೊರಚಾಚಬಹುದು ಅಥವಾ ಕತ್ತರಿಸಿಹೋಗಬಹುದು.

ಮೂರನೆಯದು ಸಮಾನತಾದೋಷ, ಎಲ್ಲಕ್ಕಿಂತ ಗೂಢವಾದುದು ಇದೇ. ಕಣ್ಣಿಗೆ ಒಂದೇ ಆಗಿ ತೋರುವ ಎರಡು ಪಾಠಗಳು ಯಂತ್ರಕ್ಕೆ ಬೇರೆಬೇರೆಯಾಗಿರುತ್ತವೆ. 'ಕೊ' ಎಂಬಲ್ಲಿಯ ಒಕಾರವನ್ನು ಒಂದೇ ಸಂಕೇತದಿಂದ ಬರೆಯಬಹುದು. ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ವಿಧಿಸುತ್ತದಾದರೂ ತಂತ್ರಾಂಶವು ಆ ವಿಧಿಯನ್ನು ಪಾಲಿಸದಿದ್ದರೆ 'ಕೊಪ್ಪಳ'ವನ್ನು ಹುಡುಕಿದವನಿಗೆ ಕೊಪ್ಪಳ ಸಿಗದು. ಕಣ್ಣಿಗೆ ಕಾಣದ ಜೋಡಕ ಬೇರ್ಪಡಕ ಚಿಹ್ನೆಗಳೂ ಇಲ್ಲಿ ಸೇರುತ್ತವೆ. 'ಸೂರ್ಯ'ದಲ್ಲಿ ಅರ್ಕಾವತ್ತು ಬೇಕು, 'ರ‍್ಯಾಲಿ'ಯಲ್ಲಿ ಬೇಡ; ಈ ಭೇದವನ್ನು ಕಾಯುವುದು ಅಗೋಚರವಾದ ಜೋಡಕ. ಇಂದಿನ ವಿಧಿಯಂತೆ ಅದು ರಕಾರಕ್ಕೂ ವಿರಾಮಕ್ಕೂ ನಡುವೆ ಬರಬೇಕು. ಹಳೆಯ ಪಾಠಗಳಲ್ಲಿ ಅದು ವಿರಾಮದ ಆಚೆಗೆ ಬಿದ್ದಿರುವುದೂ ಉಂಟು. ರಾಯಚೂರು ಸೀಮೆಯಲ್ಲಿ ಸಾಮಾನ್ಯವಾದ ಮೆಹಬೂಬ್‌ಸಾಬ ಎಂಬ ಬಗೆಯ ಹೆಸರಿನಲ್ಲಿ ಬೇರ್ಪಡಕವು ಒಂದೆಡೆ ಇದ್ದು ಮತ್ತೊಂದೆಡೆ ಇಲ್ಲದಿದ್ದರೆ ಒಬ್ಬನೇ ಮನುಷ್ಯನು ಇಬ್ಬರಾಗುತ್ತಾನೆ. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ನಿಧಿಯಂತಹ ಯೋಜನೆಗಳಲ್ಲಿ ರೈತನ ಗುರುತು ಆಧಾರ್ ಮತ್ತು ಭೂದಾಖಲೆಗಳ ಮೇಲೆ ನಿಂತಿದೆ. ಇಂತಹ ಕಡೆ ಹೆಸರುಗಳ ತಾಳೆಯನ್ನು ಯಂತ್ರಕ್ಕೊಪ್ಪಿಸಿದಾಗ ಒಂದು ಅಗೋಚರ ಚಿಹ್ನೆಯ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ನಾಲ್ಕನೆಯದು ಆಶ್ರಯದೋಷ. ಅಕ್ಷರವೆಲ್ಲ ಸರಿಯಿದ್ದು ಜಾಲತಂತ್ರಾಂಶದ ಒಂದು ಅಂಗವೇ ನಿಂತುಹೋಗುತ್ತದೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಒಂದೇ ಜಾಲದರ್ಶಕವನ್ನು ನೆಚ್ಚಿ ಕಟ್ಟಿದ ತಂತ್ರಾಂಶಗಳು ಹಲವು ಇದ್ದವು. ಎಕ್ಸ್.ಪಿ.ಗೆ ಸಂಸ್ಥೆಯ ಬೆಂಬಲವು 2014ರ ಏಪ್ರಿಲ್ 8ರಂದು ಮುಗಿಯಿತು. ಕ್ರೋಮ್ ದರ್ಶಕವು 2015ರಲ್ಲಿ ಹಳೆಯ ಬಗೆಯ ಉಪಾಂಗಗಳನ್ನು ಕೈಬಿಟ್ಟಿತು. 2021ರ ವಿಂಡೋಸ್ 11ರಲ್ಲಿ ಎಕ್ಸ್‌ಪ್ಲೋರರ್ ಇರಲಿಲ್ಲ. 2022ರ ಜೂನ್ 15ರಂದು ಅದಕ್ಕೆ ನಿವೃತ್ತಿಯಾಯಿತು. ಎಡ್ಜ್ ದರ್ಶಕದೊಳಗೆ ಹಳೆಯ ರೀತಿಯನ್ನು ಅನುಕರಿಸುವ ವಿಧಾನವಿದೆಯಾದರೂ ಅದು ತಾತ್ಕಾಲಿಕ ಊರುಗೋಲು.

5

ಈ ವಿಂಗಡಣೆಯಿಂದ ಪರೀಕ್ಷೆಯ ಕ್ರಮವೂ ತಾನಾಗಿ ಸಿದ್ಧಿಸುತ್ತದೆ. ವಿಕಲವಾದ ಪಾಠವನ್ನು ಅಳಿಸಿ ಮತ್ತೆ ಬರೆಯುವುದಕ್ಕೆ ಮುಂಚೆ ಅದನ್ನು ಪ್ರತಿಮಾಡಿಕೊಂಡು ಸಂಕೇತಗಳನ್ನು ನೋಡಬೇಕು. ಅವು ರೋಮನ್ ಆಗಿದ್ದರೆ ಮೊದಲನೆಯ ದೋಷ. ಯಾವ ಅಕ್ಷರಶೈಲಿಯೆಂದು ತಿಳಿದು ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ಸಂಕೇತ ಕನ್ನಡದ್ದೇ ಆಗಿ ರೂಪ ಕೆಟ್ಟಿದ್ದರೆ ಪಾಠವನ್ನು ಮುಟ್ಟದೆ ಅಕ್ಷರಶೈಲಿಯನ್ನೂ ದರ್ಶಕವನ್ನೂ ಬದಲಿಸಿ ನೋಡಬೇಕು. ರೂಪ ಸರಿಯಿದ್ದು ಶೋಧ ವಿಫಲವಾದರೆ ಸಮಾನ ಸಂಕೇತಗಳನ್ನು ಏಕರೂಪಕ್ಕೆ ತರಬೇಕು. ಇವಾವುವೂ ಅಲ್ಲದಿದ್ದರೆ ಆಶ್ರಯವನ್ನು ಶಂಕಿಸಬೇಕು. ಎರಡನೆಯ ದೋಷವನ್ನು ಮೊದಲನೆಯದೆಂದು ಭ್ರಮಿಸಿ ಶುದ್ಧಪಾಠವನ್ನೇ ತಿದ್ದಿಬಿಡುವುದು ಎಲ್ಲಕ್ಕಿಂತ ಹಾನಿಕರ. ಮೂಲದಲ್ಲಿಲ್ಲದ ದೋಷವನ್ನು ತಿದ್ದಿದ ಸಂಪಾದಕನು ಹೊಸ ಪಾಠಾಂತರವೊಂದನ್ನು ಹುಟ್ಟಿಸಿದಂತೆಯೇ ಸರಿ.

ಹೊಸ ವ್ಯವಸ್ಥೆ ಬಂದಾಗ ಕೆಟ್ಟುದೆಲ್ಲವೂ ಹೊಸದರ ದೋಷವೆಂಬ ಸಾಮಾನ್ಯ ಅಭಿಪ್ರಾಯವನ್ನು ಮೇಲಿನ ಸಂಗತಿಗಳು ಸಮರ್ಥಿಸುವುದಿಲ್ಲ. 'ಪಿ' ಎಂದು ಬರೆದು 'ಕ' ಎಂದು ಓದಿಕೊಳ್ಳುವ ಒಪ್ಪಂದವು ಮೊದಲಿನಿಂದಲೂ ಹಳೆಯ ಪಾಠದಲ್ಲಿ ಅಡಗಿದ್ದಿತು. ಹೊಸ ಯಂತ್ರವು ಅದನ್ನು ಬಯಲಿಗೆ ತಂದಿತು, ಅಷ್ಟೆ. ಇದೇ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗ ವಿದ್ವಾಂಸರು ಅದನ್ನು ಓದಬಲ್ಲವರಾಗಿದ್ದುದು, ಬ್ರಾಹ್ಮಿಯ ಕೀಲಿಯನ್ನು ಪ್ರಿನ್ಸೆಪ್ 1837ರಲ್ಲಿಯೇ ಬಿಡಿಸಿಟ್ಟಿದ್ದರಿಂದ. ಅದಕ್ಕೆ ಹಿಂದೆ ಶತಮಾನಗಳ ಕಾಲ ಬ್ರಾಹ್ಮಿಯ ಶಾಸನಗಳಲ್ಲಿ ಅಕ್ಷರಗಳು ಅಳಿಯದೆ ನಿಂತಿದ್ದರೂ ಓದು ಅಳಿದಿದ್ದಿತು. ನಮ್ಮ ಹಳೆಯ ಕಡತಗಳ ಸ್ಥಿತಿಯೂ ಇಂತಹುದೇ. ಸಂಕೇತಗಳು ಕೆಡದೆ ಇರಬಹುದು. ಅಕ್ಷರಶೈಲಿಯ ಹೆಸರು ಮರೆತುಹೋದರೆ ಅವು ಮೂಕವಾಗುತ್ತವೆ.

ಈ ಮಾತು ಕಂದಾಯದ ಕಚೇರಿಗಳಿಗೆ ಮಾತ್ರ ಸಲ್ಲುವುದಲ್ಲ. 1990ರಿಂದ ಈಚೆಗೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಿದ್ಧವಾದ ಕನ್ನಡ ಪ್ರಬಂಧಗಳು, ಶಾಸನಪಾಠಗಳು, ಪದಸೂಚಿಗಳು ಎಷ್ಟೋ ಹಳೆಯ ಅಕ್ಷರಶೈಲಿಗಳಲ್ಲಿಯೇ ಉಳಿದಿವೆ. ಅವುಗಳನ್ನು ಪರಿವರ್ತಿಸುವಾಗ ಮೂಲ ಕಡತವನ್ನು ಅಳಿಸದೆ ಇರಿಸುವುದು, ಅಕ್ಷರಶೈಲಿಯ ಹೆಸರನ್ನೂ ಆವೃತ್ತಿಯನ್ನೂ ಬರೆದಿಡುವುದು, ಪರಿವರ್ತಿತ ಪಾಠವನ್ನು ಅಚ್ಚಿನ ಪ್ರತಿಯೊಡನೆ ತಾಳೆನೋಡುವುದು ಈ ಮೂರೂ ಅವಶ್ಯವಾದವು. ಎಕ್ಸ್.ಪಿ. ಕಾಲದ ಯಂತ್ರಗಳನ್ನೂ ಅಕ್ಷರಶೈಲಿಗಳನ್ನೂ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ತಮ್ಮ ತಮ್ಮ ಕಪಾಟುಗಳಲ್ಲಿರುವ ಇಂತಹ ಕಡತಗಳ ಪಟ್ಟಿಯನ್ನು ಈಗಲೇ ಸಿದ್ಧಪಡಿಸಿದರೆ ಆ ತಿಳಿವಳಿಕೆಯ ಪ್ರಯೋಜನವು ಮುಂದಿನ ಸಂಶೋಧಕರಿಗೆ ದೊರೆಯುತ್ತದೆ.