‘ಹಳೆಯ ಮಾದರಿ’ಯ ಪಾನೀಯ

ಅಮೆರಿಕದ ‘ಓಲ್ಡ್ ಫ್ಯಾಷನ್ಡ್’ ಎಂಬ ವಿಸ್ಕಿಪಾನೀಯವು ಲೂಯಿವಿಲ್ ನಗರದ ಪೆಂಡೆನ್ನಿಸ್ ಕ್ಲಬ್ಬಿನಲ್ಲಿ ಹುಟ್ಟಿತೆಂಬ ಕಥೆ ಪ್ರಸಿದ್ಧವಾಗಿದೆ. ಕೇಳಲು ಸೊಗಸು, ನಂಬಲಾಗದು. ಕ್ಲಬ್ಬು ಸ್ಥಾಪನೆಯಾದುದು 1881ರಲ್ಲಿ. ಅದರ ಹಿಂದಿನ ವರ್ಷವೇ ಷಿಕಾಗೋದ ಪತ್ರಿಕೆಯೊಂದು ‘ಹಳೆಯ ಮಾದರಿಯ ಕಾಕ್‌ಟೇಲ್’ಗಳ ಹೆಸರೆತ್ತಿದೆ.

ಹೆಸರಿಗಿಂತ ವಸ್ತು ಇನ್ನೂ ಹಳೆಯದು. ಕಾಕ್‌ಟೇಲ್ ಎಂದರೇನೆಂದು ಓದುಗನೊಬ್ಬನು ಕೇಳಲು, ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಊರಿನ ಪತ್ರಿಕೆಯು 1806ರ ಮೇ 13ರಂದು ಉತ್ತರವಿತ್ತಿತು: ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ‘ಬಿಟರ್ಸ್’ ಎಂಬ ಕಹಿಸಾರ; ಇಷ್ಟೇ. ಇದನ್ನು ನುಂಗಿದವನು ಏನನ್ನಾದರೂ ನುಂಗಬಲ್ಲನಾದುದರಿಂದ ಚುನಾವಣೆಗೆ ನಿಂತವರಿಗೆ ಬಹು ಉಪಯುಕ್ತವೆಂಬ ಕುಟುಕನ್ನೂ ಸೇರಿಸಿತು. ಸಂಪಾದಕರು ಅಂದೂ ಹಾಗೆಯೇ!

ಮುಂದೆ ಪಾನಗೃಹದವರು ಅದಕ್ಕೆ ಅಬ್ಸಿಂತ್, ಕುರಸಾವೊ ಮೊದಲಾದುವನ್ನು ಬೆರೆಸತೊಡಗಿದರು. ರುಚಿ ಕೆಟ್ಟಿತೆಂದು ಗೊಣಗಿದ ಹಿರಿಯರು ತಮಗೆ ಹಳೆಯದೇ ಬೇಕೆಂದರು. ಹೊಸತು ಬಂದ ಮೇಲೆಯೇ ಇದಕ್ಕೆ ಹಳತೆಂಬ ಹೆಸರು ಅಂಟಿತು.

ಜಾರ್ಜ್ ಕ್ಯಾಪ್ಲರನು 1895ರ ತನ್ನ ಪುಸ್ತಕದಲ್ಲಿ ಹೇಳಿದ ಕ್ರಮ ಮನೆಯಲ್ಲಿಯೂ ಸುಲಭ. ಸಕ್ಕರೆಯ ಸಣ್ಣ ಗಟ್ಟಿಯನ್ನು ಲೋಟದಲ್ಲಿ ತುಸು ನೀರಿನಿಂದ ಕರಗಿಸಿ, ಅಂಗೋಸ್ಟುರಾ ಕಹಿಸಾರವನ್ನು ಎರಡು ಸಲ ಚಿಮುಕಿಸುವುದು. (ಅದು 1824ರಲ್ಲಿ ಬೊಲಿವಾರನ ಸೈನ್ಯದ ವೈದ್ಯ ಸೀಗರ್ಟನು ಮಾಡಿದ ಹೊಟ್ಟೆಯ ಔಷಧ!) ಬಳಿಕ ಮಂಜುಗಡ್ಡೆಯ ಚೂರು, ನಿಂಬೆಸಿಪ್ಪೆ, ಒಂದು ಅಳತೆ ವಿಸ್ಕಿ. ಕಲಕಿ, ಚಮಚವನ್ನು ಲೋಟದಲ್ಲಿಯೇ ಬಿಟ್ಟು ಕೊಡಬೇಕಂತೆ.