ಸಿಹಿ ನೀರು, ಹಾಲು ಮತ್ತು ನಾವು

2006ರ ಆಗಸ್ಟ್ 18ರ ರಾತ್ರಿ, ಮಾಹಿಮ್ ಖಾಡಿಯ ಸಮುದ್ರದ ನೀರು ಸಿಹಿಯಾಗಿದೆಯೆಂಬ ಸುದ್ದಿ ಹಬ್ಬಿತು. ಪಾಲಿಕೆ ಬೇಡವೆಂದರೂ ಜನ ಕುಡಿದರು, ಬಾಟಲಿಗಳಲ್ಲಿ ತುಂಬಿಕೊಂಡರು. ಎರಡು-ಮೂರು ದಿನಗಳಲ್ಲೇ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಗದ್ದಲ, 1995ರ ಸೆಪ್ಟೆಂಬರ್ 21ರಂತೆಯೇ. ಡೊಂಬಿವಲಿ ಲೋಕಲ್‌ನಲ್ಲಿ ಒಬ್ಬರೆಂದರು: "ಎರಡೂ ಒಟ್ಟಿಗೇ ಆಗ್ಬೇಕಾದ್ರೆ ಹಿಂದೆ ಯಾರೋ ಇದ್ದಾರೆ."

ಜುಲೈ 11ರ ರೈಲು ಸ್ಫೋಟಗಳಾಗಿ ಆರು ವಾರವೂ ಆಗಿರಲಿಲ್ಲ. ಹೆದರಿದ ಮನಸ್ಸಿಗೆ ಆಕಸ್ಮಿಕಕ್ಕಿಂತ ಸಂಚೇ ಸಮಾಧಾನ. ಸಂಚಿಗೆ ಕಡೇಪಕ್ಷ ಒಬ್ಬ ಯಜಮಾನನಿರುತ್ತಾನೆ.

ಕಾರಣಗಳು ಬೇರೆ ಬೇರೆ. ಮಳೆಗಾಲದ ಮೀಠಿ ನದಿ ಖಾಡಿಯ ಉಪ್ಪನ್ನು ತೆಳುವಾಗಿಸಿತ್ತು. ಚಮಚದ ಹಾಲು ವಿಗ್ರಹದ ಮೇಲ್ಮೈಗೆ ಅಂಟಿ, ತೆಳುಪದರವಾಗಿ ಕೆಳಗಿಳಿಯುತ್ತಿತ್ತು. ನಡುವಿನ ಕೊಂಡಿ ನಾವೇ: ಮೊದಲ ಸುದ್ದಿ ಕೇಳಿದವರು ಎರಡನೆಯ ಪವಾಡಕ್ಕೆ ಕಾದು ಕೂತಿದ್ದೆವು.

ಆಫೀಸಿನಲ್ಲೂ ಹೀಗೇ. ಒಂದೇ ರಾತ್ರಿ ಎರಡು ಸರ್ವರ್ ಕೈಕೊಟ್ಟರೆ, ಲಾಗ್ ನೋಡುವ ಮೊದಲೇ ಕೆಲಸ ಬಿಟ್ಟುಹೋದವನ ಹೆಸರು ಬರುತ್ತದೆ. ನಾನೂ ಹೇಳಿದ್ದೇನೆ.

ಮೀಠಿ ಎಂದರೆ ಸಿಹಿ. ಆದರೆ ಅದು ಹೊತ್ತು ತರುವುದು ಊರಿನ ಕೊಳಚೆಯನ್ನು. ಪವಾಡ, ಸಂಚು ಎಂಬ ಜಗಳದಲ್ಲಿ, ಬಾಟಲಿಯೊಳಗೆ ಏನಿದೆ ಎಂಬ ಪ್ರಶ್ನೆ ನಮ್ಮ ಡಬ್ಬಿಯಲ್ಲಂತೂ ಏಳಲೇ ಇಲ್ಲ.