ಬೈಲಕುಪ್ಪೆಯ ಟಿಬೆಟಿಯನ್ನರು: ಹೊಂದಾಣಿಕೆ, ಅಸ್ಮಿತೆ ಮತ್ತು ಆಯ್ಕೆಯ ಹಕ್ಕು

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬೆನ್ನಿಗೇ ಸಾವಿರಾರು ಟಿಬೆಟಿಯನ್ನರು ಹಿಮಾಲಯ ದಾಟಿದರು. ಅವರಲ್ಲಿ ದೊಡ್ಡದೊಂದು ಪಾಲು ನೆಲೆ ಕಂಡದ್ದು ಕರ್ನಾಟಕದ ಬೈಲಕುಪ್ಪೆ, ಮುಂಡಗೋಡ, ಹುಣಸೂರು ಮತ್ತು ಕೊಳ್ಳೇಗಾಲದ ಸೀಮೆಗಳಲ್ಲಿ. ಅನ್ಯ ಸಮಾಜದ ನಡುವೆ ಇವರ ಸಂಸ್ಕೃತಿ ಉಳಿದ ಬಗೆಯನ್ನು ವಿವರಿಸುವಾಗ ‘ಪ್ರತ್ಯೇಕವಾಗಿದ್ದರು, ಆದ್ದರಿಂದ ಉಳಿದರು’ ಎನ್ನುವುದು ವಾಡಿಕೆ. ಈ ವಿವರಣೆ ಸಾಲದು. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಕೂಡದು ಎಂಬ ತೀರ್ಮಾನ ಆ ಸಮುದಾಯದ ಕೈಯಲ್ಲೇ ಇದ್ದದ್ದು ಮುಖ್ಯ ಕಾರಣವೆಂಬುದು ಈ ಲೇಖನದ ವಾದ.

ಬಿಟ್ಟುಕೊಟ್ಟದ್ದು ಕಡಿಮೆಯೇನಲ್ಲ. ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕೊಟ್ಟ ಸುಮಾರು 3,000 ಎಕರೆಯಲ್ಲಿ ಮೊದಲು ನಡೆದ ಕೆಲಸ ಕಾಡು ಕಡಿಯುವುದು. ಬಾರ್ಲಿ ಬೆಳೆಯುತ್ತಿದ್ದವರು, ಚಮರೀಮೃಗ ಮೇಯಿಸುತ್ತಿದ್ದವರು ಇಲ್ಲಿ ಸೆಕೆಯನ್ನೂ ಆನೆಗಳ ಕಾಟವನ್ನೂ ತಾಳಿಕೊಂಡು ಮುಸುಕಿನ ಜೋಳ ಬಿತ್ತಿದರು. ಸುಗ್ಗಿ ಮುಗಿದ ಮೇಲೆ ದೂರದ ಪೇಟೆಗಳಲ್ಲಿ ಸ್ವೆಟರ್ ಮಾರುವುದು ಜೀವನೋಪಾಯವಾಯಿತು. ಸಂತೆಗೆ, ಆಳುಕಾಳಿನೊಡನೆ ಮಾತಿಗೆ ಕನ್ನಡ ಬಂತು. ಸುತ್ತಲಿನ ಊರಿನವರು ವಸಾಹತನ್ನು ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ.

ಬಿಡದೆ ಹಿಡಿದುಕೊಂಡದ್ದನ್ನು ಹತ್ತಿರದಿಂದ ನೋಡಬೇಕು. ಲೋಸರ್ ಹೊಸವರ್ಷದಂದು ಮನೆಗೆ ಬಂದವರ ಮುಂದೆ ‘ಚೆಮರ್’ ಎಂಬ ಮರದ ಪಾತ್ರೆ ಹಿಡಿಯುತ್ತಾರೆ. ಅದರ ಒಂದು ಪಾಲಿನಲ್ಲಿ ಬೆಣ್ಣೆ ಬೆರೆಸಿದ ಹುರಿಹಿಟ್ಟು, ಇನ್ನೊಂದರಲ್ಲಿ ಹುರಿದ ಕಾಳು. ಬಂದವರು ಚಿಟಿಕೆ ತೆಗೆದು ಮೂರು ಸಲ ಮೇಲಕ್ಕೆ ಎರಚಿ ‘ತಾಶಿ ದೆಲೆಕ್’ ಎನ್ನುತ್ತಾರೆ. ನಿತ್ಯದ ಊಟ ಬದಲಾದರೂ ಹಬ್ಬದ ಪಾತ್ರೆ ಬದಲಾಗಲಿಲ್ಲ. ಲ್ಹಾಸಾದ ಬಳಿ 1419ರಲ್ಲಿ ಹುಟ್ಟಿದ ಸೆರಾ ವಿಹಾರ ಬೈಲಕುಪ್ಪೆಯಲ್ಲಿ ಮತ್ತೆ ತಲೆಯೆತ್ತಿತು. ಅದರ ಅಂಗಳದಲ್ಲಿ ಪ್ರಶ್ನೆ ಕೇಳುವ ಭಿಕ್ಷು ನಿಂತು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿಯುತ್ತಾನೆ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ತರ್ಕಶಾಸ್ತ್ರ ಇಲ್ಲಿ ಪುಸ್ತಕದಲ್ಲಿ ಮಾತ್ರವಲ್ಲ, ಮೈಯಲ್ಲೂ ಇದೆ.

ಈ ಆಯ್ಕೆಗಳು ಕೇವಲ ಮನೋಬಲದಿಂದ ಸಾಧ್ಯವಾದವಲ್ಲ. 1961ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಮಕ್ಕಳ ಶಾಲೆಗಳಿಗೆಂದೇ ಪ್ರತ್ಯೇಕ ಆಡಳಿತ ಸಂಸ್ಥೆ ರೂಪಿಸಿತು. ಜಮೀನು, ಸಹಕಾರ ಸಂಘ, ವಿಹಾರ ಒಟ್ಟಿಗೆ ನಿಂತವು. ಇಂಥ ಆಸರೆಯಿಲ್ಲದೆ ನಗರಗಳಿಗೆ ಚದುರುವ ವಲಸಿಗರಿಗೆ ‘ನಿಮ್ಮತನ ಉಳಿಸಿಕೊಳ್ಳಿ’ ಎಂದು ಬೋಧಿಸುವುದು ಅನ್ಯಾಯ.

ಇಕ್ಕಟ್ಟು ಎದುರಾದದ್ದು ಪೌರತ್ವದ ವಿಷಯದಲ್ಲಿ. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆದರೂ ಅನೇಕರು ಪೌರತ್ವಕ್ಕೆ ಮುಂದಾಗಲಿಲ್ಲ. ನಿರಾಶ್ರಿತರ ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಇರುವುದು ಅವರ ಪಾಲಿಗೆ ಟಿಬೆಟಿನ ಹಕ್ಕನ್ನು ಜೀವಂತವಾಗಿಡುವ ಮಾರ್ಗ. ಪಾಸ್‌ಪೋರ್ಟ್ ಬಯಸಿದವರಿಗೆ ವಿದೇಶಾಂಗ ಸಚಿವಾಲಯ 2017ರಲ್ಲಿ ಷರತ್ತು ಹಾಕಿತು: ನೋಂದಣಿ ಪತ್ರ ಒಪ್ಪಿಸಬೇಕು, ನಿಗದಿತ ವಸಾಹತಿನಲ್ಲಿ ವಾಸಿಸಬಾರದು. ಸಂಸ್ಕೃತಿಯನ್ನು ಉಳಿಸಿದ ಜಾಗವನ್ನೇ ಪೌರತ್ವದ ಬೆಲೆಯಾಗಿ ಕೇಳುವುದು ನನಗೆ ಒಪ್ಪಿತವಲ್ಲ. ಜೋಳ ಬಿತ್ತುವ ನಿರ್ಧಾರ ಅವರದಾಗಿತ್ತು, ಇದು ಅವರದಲ್ಲ.

ನಮ್ಮ ಕೊರತೆಯೂ ಇದೆ. ಬೈಲಕುಪ್ಪೆಯನ್ನು ನಾವು ಹೆಚ್ಚಾಗಿ ಸ್ವರ್ಣಮಂದಿರದ ಪ್ರವಾಸಿ ತಾಣವಾಗಿಯೇ ಕಂಡಿದ್ದೇವೆ. ಕಾಡು ಕಡಿದು ಊರು ಕಟ್ಟಿದ ಮೊದಲ ತಲೆಮಾರಿನವರು ಈಗ ಇಳಿವಯಸ್ಸಿನಲ್ಲಿದ್ದಾರೆ, ಮೊಮ್ಮಕ್ಕಳಲ್ಲಿ ಹಲವರು ಬೆಂಗಳೂರಿಗೆ, ವಿದೇಶಕ್ಕೆ ಹೊರಟಿದ್ದಾರೆ. ಆ ಹಿರಿಯರ ಬಾಯಿಮಾತಿನ ಚರಿತ್ರೆಯನ್ನು ಟಿಬೆಟಿಯನ್ ಮತ್ತು ಕನ್ನಡ ಎರಡರಲ್ಲೂ ದಾಖಲಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕು.